ಹಕ್ಕಿಗಳ ವರ್ಗೀಕರಣದಲ್ಲಿ ಬಳಕೆ ತಪ್ಪಿದ ಗುಂಪುಗಳು: ಹಳೆಯ ಬೆಂಗಳೂರಿನ ಪಕ್ಷಿಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

1. ಪೀಠಿಕೆ

ಬೆಂಗಳೂರಿನ ಚಾಮರಾಜಪೇಟೆ, ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ರೂಪುಗೊಂಡವು. ಅಗಲವಾದ ಬೀದಿಗಳು, ಸಾಲುಮರಗಳು, ಮನೆಯ ಹಿಂದೆ ಮುಂದೆ ತೆಂಗು, ಮಾವು, ಸಂಪಿಗೆ, ದಾಸವಾಳಗಳಿಗೆ ಎಡೆಗೊಟ್ಟ ಅಂಗಳಗಳು ಈ ಬಡಾವಣೆಗಳ ವೈಶಿಷ್ಟ್ಯವಾಗಿದ್ದವು. ಬಸವನಗುಡಿಯ ಅಂಚಿಗೆ ಲಾಲ್‌ಬಾಗ್, ಮಲ್ಲೇಶ್ವರದ ಅಂಚಿಗೆ 1882ರಲ್ಲಿ ನಿರ್ಮಾಣವಾದ ಸ್ಯಾಂಕಿ ಕೆರೆ, ಅದರಾಚೆ 1909ರಲ್ಲಿ ಸ್ಥಾಪನೆಗೊಂಡ ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳು ಇವೆ. ನಗರವು ಬೆಳೆದು ಅಂಗಳಗಳು ಕಿರಿದಾದರೂ ಈ ಭಾಗದಲ್ಲಿ ಹಕ್ಕಿಗಳ ಬಳಕೆ ಪೂರ್ತಿಯಾಗಿ ನಿಂತಿಲ್ಲ.

ನಸುಕಿನಲ್ಲಿ ತಂತಿಯ ಮೇಲೆ ಕುಳಿತು ಹಾಡುವ ಮಡಿವಾಳ ಹಕ್ಕಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 1758ರಲ್ಲಿ ಕಾರ್ಲ್ ಲಿನೇಯಸ್ ಇದನ್ನು ಗ್ರಾಕ್ಯುಲ ಸಾಲ್ಯಾರಿಸ್ ಎಂದು ಹೆಸರಿಸಿ ಮೈನಾಗಳ ಜೊತೆಗೆ ಇರಿಸಿದನು. ಆಮೇಲಿನ ವಿದ್ವಾಂಸರು ಅದನ್ನು ಸಿಳ್ಳಾರಗಳ ಬಳಗಕ್ಕೆ ಸೇರಿಸಿದರು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಸಿಳ್ಳಾರಗಳೊಡನೆಯೇ ಅದು ನೊಣಹಿಡುಕಗಳ ಒಂದು ಮಹಾಕುಟುಂಬದೊಳಗೆ ಸೇರಿಹೋಯಿತು. ಇಂದು ಆ ಮಹಾಕುಟುಂಬ ಒಡೆದಿದೆ. ಮಡಿವಾಳವು ಸಿಳ್ಳಾರಗಳಿಂದ ಬೇರ್ಪಟ್ಟು, ಕಿರಿದಾಗಿ ಉಳಿದ ನೊಣಹಿಡುಕಗಳ ಕುಟುಂಬದಲ್ಲಿದೆ. ಹಕ್ಕಿ ಬದಲಾಗಲಿಲ್ಲ, ಅದರ ಹಾಡೂ ಬದಲಾಗಲಿಲ್ಲ. ಬದಲಾದದ್ದು ಅದನ್ನು ಇರಿಸಿದ ಗುಂಪು ಮಾತ್ರ.

ಇಂತಹ ಬದಲಾವಣೆಗಳು ತಜ್ಞರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ತೋರುವುದು ಸಹಜ. ಆದರೆ ಈ ನಗರದಲ್ಲಿ ಯಾವ ಹಕ್ಕಿಗಳು ಇದ್ದವು, ಯಾವುವು ಮರೆಯಾದವು ಎಂಬುದನ್ನು ತಿಳಿಯಲು ಇರುವ ಬರಹದ ಆಧಾರಗಳೆಲ್ಲ ಆಯಾ ಕಾಲದ ವರ್ಗೀಕರಣದ ಚೌಕಟ್ಟಿನಲ್ಲಿಯೇ ರಚಿತವಾಗಿವೆ. ಬಳಕೆ ತಪ್ಪಿದ ಗುಂಪುಗಳ ಪರಿಚಯವಿಲ್ಲದೆ ಆ ಪುಸ್ತಕಗಳನ್ನು ಓದಿದರೆ ತಪ್ಪು ತೀರ್ಮಾನಕ್ಕೆ ಎಡೆಯಾಗುತ್ತದೆ. ಅಂತಹ ಗುಂಪುಗಳು ಹೇಗೆ ಹುಟ್ಟಿದವು, ಏಕೆ ಒಡೆದವು, ಅವುಗಳನ್ನು ಒಳಗೊಂಡ ಗ್ರಂಥಗಳನ್ನು ಇಂದು ಹೇಗೆ ಓದಬೇಕು ಎಂಬುದನ್ನು ಹಳೆಯ ಬೆಂಗಳೂರಿನ ಪರಿಚಿತ ಹಕ್ಕಿಗಳ ಮೂಲಕ ವಿವೇಚಿಸುವುದು ಈ ಲೇಖನದ ಉದ್ದೇಶ.

2. ರೂಪವೇ ಆಧಾರವಾಗಿದ್ದ ಕಾಲ

ಲಿನೇಯಸ್ ತನ್ನ 'ಸಿಸ್ಟೆಮಾ ನ್ಯಾಚುರೇ' ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ (1758) ಹಕ್ಕಿಗಳನ್ನೆಲ್ಲ ಆರು ಗಣಗಳಾಗಿ ವಿಂಗಡಿಸಿದನು. ಕೊಕ್ಕು ಮತ್ತು ಕಾಲುಗಳ ಆಕಾರವೇ ಈ ವಿಂಗಡಣೆಗೆ ಮುಖ್ಯ ಆಧಾರ. ಭಾರತವನ್ನು ಆತ ಕಂಡವನಲ್ಲ. ಒಣಗಿಸಿ ತಂದ ಚರ್ಮ, ಚಿತ್ರ ಮತ್ತು ಪ್ರವಾಸಿಗಳ ವಿವರಣೆಗಳನ್ನು ನೆಚ್ಚಿಕೊಂಡೇ ಪೂರ್ವದೇಶಗಳ ಹಕ್ಕಿಗಳಿಗೆ ಹೆಸರಿಡಬೇಕಾಯಿತು. ಅದರಿಂದಾದ ಕೆಲವು ಜೊತೆಗಾರಿಕೆಗಳು ಇಂದು ಅಚ್ಚರಿ ಹುಟ್ಟಿಸುತ್ತವೆ. ಬಸವನಗುಡಿಯ ಯಾವುದೇ ತೋಟದಲ್ಲಿ ಕಾಣುವ ಕೆಮ್ಮೀಸೆ ಪಿಕಳಾರವು ಲೇನಿಯಸ್ ಜೊಕೋಸಸ್ ಎಂಬ ಹೆಸರಿನಿಂದ ಕಳಿಂಗಗಳ ಜಾತಿಗೆ ಸೇರಿತು. ಕಳಿಂಗಗಳನ್ನು ಲಿನೇಯಸ್ ಬೇಟೆಗಾರ ಹಕ್ಕಿಗಳ ಗಣದಲ್ಲಿ ಇರಿಸಿದ್ದರಿಂದ, ಹಣ್ಣು ತಿಂದು ಬದುಕುವ ಪಿಕಳಾರ ಹದ್ದು ಗೂಬೆಗಳ ನೆರೆಯಾಯಿತು. ಗೊರವಂಕವು 1766ರಲ್ಲಿ ಪ್ಯಾರಡೈಸಿಯ ಟ್ರಿಸ್ಟಿಸ್ ಎಂಬ ಹೆಸರಿನಿಂದ ನ್ಯೂಗಿನಿಯ ಸ್ವರ್ಗಪಕ್ಷಿಗಳ ಜೊತೆಗೆ ನಿಂತಿತು. ಉದ್ದನೆಯ ಬಿಳಿಯ ಬಾಲದ ರಾಜಹಕ್ಕಿಯು ಕಾರ್ವಸ್ ಪ್ಯಾರಡೈಸಿ, ಅಂದರೆ ಕಾಗೆಯ ಜಾತಿಯದು ಎನಿಸಿತು.

ಇವನ್ನು ಅಜ್ಞಾನವೆಂದು ತಳ್ಳಿಹಾಕುವುದು ಉಚಿತವಲ್ಲ. ಜೀವಿಗಳು ಒಂದೇ ಮೂಲದಿಂದ ಕವಲೊಡೆದು ಬಂದವು ಎಂಬ ಕಲ್ಪನೆ ವರ್ಗೀಕರಣಕ್ಕೆ ಆಗ ಆಧಾರವಾಗಿರಲಿಲ್ಲ. ಕಣ್ಣಿಗೆ ಕಾಣುವ ಲಕ್ಷಣಗಳಿಂದ ಒಂದು ಕ್ರಮವನ್ನು ಏರ್ಪಡಿಸಿ, ಅಪರಿಚಿತ ಹಕ್ಕಿಯೊಂದು ಕೈಗೆ ಬಂದಾಗ ಅದರ ಸ್ಥಾನವನ್ನು ಹುಡುಕಲು ಅನುಕೂಲ ಮಾಡಿಕೊಡುವುದೇ ಗುರಿಯಾಗಿತ್ತು. ಆ ಗುರಿಯನ್ನು ಲಿನೇಯಸ್‌ನ ಪದ್ಧತಿ ಸಾಕಷ್ಟು ಸಾಧಿಸಿತು.

ಇದೇ ದೃಷ್ಟಿ ಭಾರತದಲ್ಲಿ ಪರಿಪಕ್ವವಾಗಿ ಕಾಣಿಸಿಕೊಂಡದ್ದು ಥಾಮಸ್ ಕ್ಯಾವರ್‌ಹಿಲ್ ಜರ್ಡನ್‌ನ 'ದಿ ಬರ್ಡ್ಸ್ ಆಫ್ ಇಂಡಿಯಾ' (1862-64) ಗ್ರಂಥದಲ್ಲಿ. ಮದ್ರಾಸ್ ಸೈನ್ಯದ ವೈದ್ಯನಾಗಿ ದಕ್ಷಿಣ ಭಾರತದಲ್ಲಿ ದೀರ್ಘಕಾಲವಿದ್ದ ಜರ್ಡನ್ ಹಕ್ಕಿಗಳನ್ನು ಜೀವಂತವಾಗಿ ಕಂಡವನು. ಅವನ ಗ್ರಂಥದಲ್ಲಿ ಬೇಟೆಗಾರ ಹಕ್ಕಿಗಳು, ಕೊಂಬೆಯ ಮೇಲೆ ಕೂರುವ ಹಕ್ಕಿಗಳು, ಪಾರಿವಾಳಗಳು, ನೆಲ ಕೆದಕುವ ಹಕ್ಕಿಗಳು, ನೀರಿನಲ್ಲಿ ನಡೆಯುವ ಹಕ್ಕಿಗಳು, ಈಜುವ ಹಕ್ಕಿಗಳು ಎಂಬ ಆರು ಗಣಗಳಿವೆ. ಕೊಂಬೆಯ ಮೇಲೆ ಕೂರುವ ಹಕ್ಕಿಗಳ ಗಣ ಬಹಳ ದೊಡ್ಡದು. ಅದನ್ನು ಅವನು ಐದು ಪಂಗಡಗಳಾಗಿ ಒಡೆದಿದ್ದಾನೆ: ಸೀಳುಬಾಯಿಯ ಹಕ್ಕಿಗಳು, ಮರ ಏರುವ ಹಕ್ಕಿಗಳು, ತೆಳುಕೊಕ್ಕಿನ ಹಕ್ಕಿಗಳು, ಹಲ್ಲುಕೊಕ್ಕಿನ ಹಕ್ಕಿಗಳು ಮತ್ತು ಶಂಕುಕೊಕ್ಕಿನ ಹಕ್ಕಿಗಳು. ಪ್ರಕೃತಿಯ ಪ್ರತಿಯೊಂದು ಗುಂಪೂ ಐದಾಗಿ ಒಡೆಯುತ್ತದೆಂದು ಇಂಗ್ಲೆಂಡಿನಲ್ಲಿ ಮೆಕ್ಲೇ, ವಿಗರ್ಸ್, ಸ್ವೇನ್ಸನ್ ಮೊದಲಾದವರು ಪ್ರತಿಪಾದಿಸಿದ್ದ 'ಪಂಚಕ' ಸಿದ್ಧಾಂತದ ನೆರಳು ಇಲ್ಲಿ ಕಾಣುತ್ತದೆ.

ಸೀಳುಬಾಯಿಯ ಪಂಗಡದಲ್ಲಿ ಕವಲುತೋಕೆ, ಬಾನಾಡಿ, ಕಳ್ಳಿಪೀರ, ನೀಲಕಂಠ, ಮಿಂಚುಳ್ಳಿಗಳು ಒಟ್ಟಿಗಿವೆ. ಮರ ಏರುವ ಪಂಗಡದಲ್ಲಿ ಗಿಳಿ, ಮರಕುಟಿಗ, ಕುಟ್ರು, ಕೋಗಿಲೆಗಳಿವೆ. ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ ಇರುವುದು ಇವುಗಳ ಸಮಾನ ಲಕ್ಷಣ. ತೆಳುಕೊಕ್ಕಿನ ಪಂಗಡದಲ್ಲಿ ಸೂರಕ್ಕಿಯೂ ಚಂದ್ರಮುಕುಟವೂ ಜೊತೆಯಾಗಿವೆ. ಲಾಲ್‌ಬಾಗ್‌ನಲ್ಲಿ ಇಂದಿಗೂ ಇವುಗಳಲ್ಲಿ ಹೆಚ್ಚಿನವನ್ನು ನೋಡಬಹುದು; ಆದರೆ ಈ ಪಂಗಡಗಳಲ್ಲಿ ಒಂದಾದರೂ ಇಂದಿನ ವರ್ಗೀಕರಣದಲ್ಲಿ ಉಳಿದಿಲ್ಲ.

3. ಕಾಗೆಗೆ ಅಗ್ರಸ್ಥಾನ

1859ರಲ್ಲಿ ಡಾರ್ವಿನ್ನನ ಗ್ರಂಥ ಪ್ರಕಟವಾದ ಬಳಿಕ ವರ್ಗೀಕರಣವು ವಂಶವನ್ನು ತೋರಿಸಬೇಕೆಂಬ ತತ್ತ್ವ ಕ್ರಮೇಣ ಒಪ್ಪಿಗೆಯಾಯಿತು. ತತ್ತ್ವ ಬದಲಾದರೂ ಸಾಧನ ಬದಲಾಗಲಿಲ್ಲ. ಎಲುಬು, ಸ್ನಾಯು, ಗರಿಗಳ ಜೋಡಣೆ ಮೊದಲಾದ ಒಳಲಕ್ಷಣಗಳು ಸೇರಿಕೊಂಡವು ಎಂಬುದೇ ಹೊಸತು. 'ಫಾನಾ ಆಫ್ ಬ್ರಿಟಿಷ್ ಇಂಡಿಯಾ' ಮಾಲೆಯಲ್ಲಿ ಓಟ್ಸ್ ಮತ್ತು ಬ್ಲಾನ್‌ಫರ್ಡ್ ರಚಿಸಿದ ನಾಲ್ಕು ಪಕ್ಷಿ ಸಂಪುಟಗಳು (1889-98), ಅನಂತರ ಸ್ಟುವರ್ಟ್ ಬೇಕರ್ ಪರಿಷ್ಕರಿಸಿ ಹೊರತಂದ ಎಂಟು ಸಂಪುಟಗಳು (1922-30) ಈ ಘಟ್ಟವನ್ನು ಪ್ರತಿನಿಧಿಸುತ್ತವೆ. ಎರಡೂ ಕಾಗೆಗಳ ಕುಟುಂಬದಿಂದ ಆರಂಭವಾಗುತ್ತವೆ. ಕಾಗೆಯ ಬಳಗವೇ ಹಕ್ಕಿಗಳಲ್ಲಿ ಅತ್ಯಂತ ವಿಕಾಸ ಹೊಂದಿದ್ದು ಎಂಬ ಅಂದಿನ ಭಾವನೆ ಈ ಕ್ರಮದ ಹಿಂದಿದೆ. ವಂಶವೃಕ್ಷದಲ್ಲಿ ಮೇಲಿನ ಕೊಂಬೆ, ಕೆಳಗಿನ ಕೊಂಬೆ ಎಂಬ ಗೌರವದ ತಾರತಮ್ಯವಿಲ್ಲವೆಂಬ ಅರಿವು ನೆಲೆಯೂರಿದ ಮೇಲೆ ಈ ಕ್ರಮವೂ ಹಿಂದೆ ಸರಿಯಿತು.

ಹಳೆಯ ಮೈಸೂರು ಸಂಸ್ಥಾನದ ಹಕ್ಕಿಗಳ ಮೊದಲ ವ್ಯವಸ್ಥಿತ ಸಮೀಕ್ಷೆ ನಡೆದದ್ದು ಈ ಕಾಲದಲ್ಲಿಯೇ. 1939-40ರಲ್ಲಿ ಸಲೀಂ ಅಲಿ ಕೈಗೊಂಡ ಈ ಸಮೀಕ್ಷೆಯ ಫಲ 'ದಿ ಬರ್ಡ್ಸ್ ಆಫ್ ಮೈಸೂರ್' ಎಂಬ ಹೆಸರಿನಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1942-43ರಲ್ಲಿ ಕಂತುಗಳಾಗಿ ಪ್ರಕಟವಾಯಿತು. ಅದನ್ನು ಇಂದಿನ ಪಟ್ಟಿಯೊಡನೆ ಹೋಲಿಸಲು ಹೊರಡುವ ಸಂಶೋಧಕನಿಗೆ ಮೊದಲು ಎದುರಾಗುವ ತೊಡಕು ಹಕ್ಕಿಗಳದಲ್ಲ, ಹೆಸರು ಮತ್ತು ಗುಂಪುಗಳದು.

4. ಕೈಪಿಡಿಯ ಮಹಾಕುಟುಂಬ

ಸ್ವಾತಂತ್ರ್ಯಾನಂತರ ಭಾರತದ ಪಕ್ಷಿವೀಕ್ಷಕರಿಗೆ ಪ್ರಮಾಣಗ್ರಂಥವಾದದ್ದು ಸಲೀಂ ಅಲಿ ಮತ್ತು ಡಿಲನ್ ರಿಪ್ಲಿ ರಚಿಸಿದ ಹತ್ತು ಸಂಪುಟಗಳ ಕೈಪಿಡಿ (1968-74). ಅದಕ್ಕೆ ಮೊದಲೇ, 1961ರಲ್ಲಿ, ರಿಪ್ಲಿ ಪ್ರಕಟಿಸಿದ್ದ ಸಂಗ್ರಹಸೂಚಿಯಲ್ಲಿ ಪ್ರತಿಯೊಂದು ಹಕ್ಕಿಗೂ ಒಂದು ಕ್ರಮಸಂಖ್ಯೆ ದೊರೆತಿತ್ತು. ಹಲವು ದಶಕಗಳ ಕಾಲ ಭಾರತೀಯ ಪಟ್ಟಿಗಳು ಆ ಸಂಖ್ಯೆಗಳನ್ನೇ ಆಧರಿಸಿದವು. 1970ರ ದಶಕದಿಂದ ಲಾಲ್‌ಬಾಗ್‌ನಲ್ಲಿ ಕಲೆಯುತ್ತಿದ್ದ ಪಕ್ಷಿವೀಕ್ಷಕರು ಬೆಳೆದದ್ದು ಈ ಕೈಪಿಡಿಯ ನೆರಳಿನಲ್ಲಿ. ಬೆಂಗಳೂರಿನ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ 1994ರಲ್ಲಿ ಜೋಸೆಫ್ ಜಾರ್ಜ್ ಅವರ ಸಂಪಾದಕತ್ವದಲ್ಲಿ ಹೊರತಂದ ಬೆಂಗಳೂರಿನ ಹಕ್ಕಿಗಳ ಟಿಪ್ಪಣಿಸಹಿತ ಪಟ್ಟಿಯು ನಗರದ ಪಕ್ಷಿ ಇತಿಹಾಸಕ್ಕೆ ಮುಖ್ಯ ಆಕರವಾಗಿದೆ.

ಕೈಪಿಡಿಯಲ್ಲಿ ಎದ್ದು ಕಾಣುವ ಒಂದು ಗುಂಪು ಮಸಿಕ್ಯಾಪಿಡೇ, ಅಂದರೆ ನೊಣಹಿಡುಕಗಳ ಕುಟುಂಬ. 1951ರಲ್ಲಿ ಅರ್ನ್‌ಸ್ಟ್ ಮಯರ್ ಮತ್ತು ಡೀನ್ ಅಮಡಾನ್ ಮಂಡಿಸಿದ ವಿಶಾಲ ಕಲ್ಪನೆಯನ್ನು ಅನುಸರಿಸಿ ಹರಟೆಮಲ್ಲಗಳು, ಉಲಿಯಕ್ಕಿಗಳು, ಸಿಳ್ಳಾರಗಳು, ನೊಣಹಿಡುಕಗಳು ಎಲ್ಲವನ್ನೂ ಇದೊಂದರಲ್ಲಿ ಉಪಕುಟುಂಬಗಳಾಗಿ ಅಳವಡಿಸಲಾಯಿತು. ಕೀಟ ತಿನ್ನುವ ಈ ಪುಟ್ಟ ಹಕ್ಕಿಗಳ ನಡುವೆ ಸ್ಪಷ್ಟವಾದ ಎಲ್ಲೆಗಳನ್ನು ಗುರುತಿಸುವುದು ದೇಹರಚನೆಯ ಆಧಾರದಿಂದ ಸಾಧ್ಯವಾಗಿರಲಿಲ್ಲ. ಎಲ್ಲೆ ಕಾಣದಿದ್ದಾಗ ಎಲ್ಲವನ್ನೂ ಒಂದು ಮಾಡುವುದು ಆ ಕಾಲಕ್ಕೆ ಪ್ರಾಮಾಣಿಕವಾದ ಮಾರ್ಗವೇ ಆಗಿತ್ತು.

5. ಅಣುಗಳ ಸಾಕ್ಷ್ಯ

ರೂಪವನ್ನು ನೆಚ್ಚಿದ ವರ್ಗೀಕರಣದ ಮೂಲಭೂತ ತೊಡಕು ಒಂದೇ. ಬೇರೆ ಬೇರೆ ಮೂಲದ ಜೀವಿಗಳು ಒಂದೇ ಬಗೆಯ ಬದುಕನ್ನು ನಡೆಸಿದಾಗ ಕಾಲಾಂತರದಲ್ಲಿ ಒಂದೇ ಬಗೆಯ ಅಂಗಗಳನ್ನು ಪಡೆಯುತ್ತವೆ. ಹಾರುತ್ತಲೇ ಕೀಟ ಹಿಡಿಯುವ ಹಕ್ಕಿಗೆ ಅಗಲವಾದ ಬಾಯಿ ಮತ್ತು ಉದ್ದ ರೆಕ್ಕೆ, ಹೂವಿನ ಮಕರಂದ ಹೀರುವುದಕ್ಕೆ ತೆಳುವಾದ ಕೊಕ್ಕು, ಬೇಟೆಯಾಡುವುದಕ್ಕೆ ಕೊಕ್ಕೆಯಂತಹ ಕೊಕ್ಕು ಬೇಕಾಗುತ್ತವೆ. ಹೀಗಾಗಿ ಹೋಲಿಕೆಯು ರಕ್ತಸಂಬಂಧದಿಂದ ಬಂದದ್ದೋ ಕಸುಬಿನಿಂದ ಬಂದದ್ದೋ ಎಂಬುದನ್ನು ಹೊರನೋಟದಿಂದ ನಿರ್ಧರಿಸುವುದು ಕಷ್ಟ. ಅನುವಂಶಿಕ ದ್ರವ್ಯವಾದ ಡಿ.ಎನ್.ಎ. ಈ ತೊಡಕನ್ನು ಬಿಡಿಸುವ ಸಾಧನವಾಗಿ ಒದಗಿತು.

ಮೊದಲ ದೊಡ್ಡ ಪ್ರಯತ್ನ ಚಾರ್ಲ್ಸ್ ಸಿಬ್ಲಿ ಮತ್ತು ಜಾನ್ ಆಲ್‌ಕ್ವಿಸ್ಟ್ ಅವರದು. ಎರಡು ಹಕ್ಕಿಗಳ ಡಿ.ಎನ್.ಎ. ಎಳೆಗಳನ್ನು ಪರಸ್ಪರ ಬೆಸೆದು, ಆ ಬೆಸುಗೆ ಯಾವ ಉಷ್ಣತೆಯಲ್ಲಿ ಬಿಡುತ್ತದೆ ಎಂಬುದನ್ನು ಅವರು ಅಳೆದರು. ಸಂಬಂಧ ಹತ್ತಿರವಾದಷ್ಟೂ ಬೆಸುಗೆ ಗಟ್ಟಿ, ಬಿಡಿಸಲು ಹೆಚ್ಚು ಉಷ್ಣತೆ ಬೇಕು. 1990ರಲ್ಲಿ ಪ್ರಕಟವಾದ ಅವರ ಗ್ರಂಥ ಶತಮಾನಗಳ ಕ್ರಮವನ್ನು ತಲೆಕೆಳಗು ಮಾಡಿತು. 1990ರ ದಶಕದಲ್ಲಿ ಭಾರತ ಉಪಖಂಡದ ಕುರಿತು ಬಂದ ಕೆಲವು ಪ್ರಮುಖ ಪಟ್ಟಿ ಮತ್ತು ಕ್ಷೇತ್ರದರ್ಶಿಗಳು ಇದನ್ನೇ ಅನುಸರಿಸಿದವು. ಆ ಕ್ರಮದಲ್ಲಿ ಕಾಜಾಣ, ಹೊನ್ನಕ್ಕಿ, ಮಧುರಕಂಠ, ರಾಜಹಕ್ಕಿಗಳು ಕಾಗೆಯ ಕುಟುಂಬದೊಳಗೆ ಬಂದವು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಬಳಕೆ ತಪ್ಪಿದ್ದು ಹಳೆಯ ಗುಂಪುಗಳು ಮಾತ್ರವಲ್ಲ. ಸಿಬ್ಲಿಯ ವರ್ಗೀಕರಣದಲ್ಲಿ ಕೊಕ್ಕರೆಗಳ ಗಣವು ಹದ್ದು, ಚಾಣ, ಟಿಟ್ಟಿಭ, ಗುಳುಮುಳುಕ, ನೀರುಕಾಗೆ, ಹೆಜ್ಜಾರ್ಲೆ, ಕೊನೆಗೆ ಪೆಂಗ್ವಿನ್‌ಗಳನ್ನೂ ಒಳಗೊಂಡು ಊದಿಕೊಂಡಿತ್ತು. ಎರಡು ದಶಕ ಕಳೆಯುವಷ್ಟರಲ್ಲಿ ಆ ಗುಂಪೂ ಒಡೆಯಿತು. ಹೊಸ ಸಾಧನವೆಂಬ ಕಾರಣದಿಂದಲೇ ಹೊಸ ಗುಂಪು ಶಾಶ್ವತವಾಗುವುದಿಲ್ಲ.

ಅನಂತರ ಬಂದ ಅಧ್ಯಯನಗಳು ಡಿ.ಎನ್.ಎ. ಅಕ್ಷರಗಳನ್ನೇ ನೇರವಾಗಿ ಓದಿ ಹೋಲಿಸಿದವು. 2008ರಲ್ಲಿ 169 ಪ್ರಭೇದಗಳ 19 ಅನುವಂಶಿಕ ಭಾಗಗಳನ್ನು ಆಧರಿಸಿದ ಅಧ್ಯಯನ, 2014ರಲ್ಲಿ 48 ಹಕ್ಕಿಗಳ ಪೂರ್ಣ ಜೀನೋಮುಗಳ ಹೋಲಿಕೆ, 2024ರಲ್ಲಿ 363 ಪ್ರಭೇದಗಳ ಜೀನೋಮುಗಳ ಹೋಲಿಕೆ ಪ್ರಕಟವಾದವು. ಕೆಲವು ಆಳದ ಕವಲುಗಳ ಬಗ್ಗೆ ಭಿನ್ನಾಭಿಪ್ರಾಯ ಉಳಿದಿದ್ದರೂ ಮುಖ್ಯ ರೂಪರೇಖೆ ಸ್ಥಿರಗೊಂಡಿದೆ. ಲಿನೇಯಸ್‌ನ ಆರು ಗಣಗಳ ಜಾಗದಲ್ಲಿ, 2025ರಲ್ಲಿ ಪ್ರಕಟವಾದ ಏಕೀಕೃತ ಜಾಗತಿಕ ಪಟ್ಟಿಯಾದ 'ಏವಿಲಿಸ್ಟ್' 46 ಗಣಗಳನ್ನು ಗುರುತಿಸಿದೆ.

6. ಒಡೆದ ಗುಂಪುಗಳು: ಸ್ಥಳೀಯ ನಿದರ್ಶನಗಳು

ಬೇಟೆಗಾರ ಹಕ್ಕಿಗಳು: ಚಾಮರಾಜಪೇಟೆಯ ಮೇಲೆ ಸುತ್ತುವ ಹದ್ದು ಮತ್ತು ಗರುಡ, ಮರಗಳ ನಡುವೆ ನುಸುಳುವ ಬಿಜ್ಜು, ಚಳಿಗಾಲದಲ್ಲಿ ಬಯಲುಗಳಿಗೆ ಬರುವ ಕೆಸ್ಟ್ರೆಲ್ ಚಾಣ, ಹಳೆಯ ಮರಗಳ ಪೊಟರೆಯ ಹಾಲಕ್ಕಿ ಇವೆಲ್ಲವೂ ಜರ್ಡನ್‌ನ ಪುಸ್ತಕದಲ್ಲಿ ಒಂದೇ ಗಣಕ್ಕೆ ಸೇರಿವೆ. ಗೂಬೆಗಳು ಬಹಳ ಹಿಂದೆಯೇ ಬೇರೆಯಾದವು. ಚಾಣಗಳು ಮಾತ್ರ ಹದ್ದುಗಳ ಬಂಧುಗಳೆಂದೇ ಇಪ್ಪತ್ತನೆಯ ಶತಮಾನ ನಂಬಿತ್ತು. 2008ರ ಅಧ್ಯಯನವು ಚಾಣಗಳ ಹತ್ತಿರದ ನೆಂಟರು ಹದ್ದುಗಳಲ್ಲ, ಗಿಳಿಗಳು ಮತ್ತು ಗುಬ್ಬಿ, ಪಿಕಳಾರ ಮೊದಲಾದ ಕೂರುಹಕ್ಕಿಗಳು ಎಂಬುದನ್ನು ತೋರಿಸಿತು. ಮುಂದಿನ ಜೀನೋಮ್ ಅಧ್ಯಯನಗಳು ಇದನ್ನು ದೃಢಪಡಿಸಿದವು. ಹದ್ದೂ ಚಾಣವೂ ಈಗ ಬೇರೆ ಬೇರೆ ಗಣಗಳು.

ಮರ ಏರುವ ಹಕ್ಕಿಗಳು: ಮೇಲಿನ ಫಲಿತಾಂಶದಿಂದಲೇ ಈ ಪಂಗಡವೂ ಚದುರಿತು. ಗಿಳಿ ಕೂರುಹಕ್ಕಿಗಳ ಕಡೆಗೆ ಸರಿಯಿತು. ಕೋಗಿಲೆ ಮತ್ತು ಕೆಂಬೂತಗಳು ದೂರದ ಬೇರೊಂದು ಕವಲು. ಮರಕುಟಿಗ ಮತ್ತು ಕುಟ್ರು ಮಾತ್ರ ಜೊತೆಯಲ್ಲಿ ಉಳಿದವು. ಕುಟ್ರುಗಳೊಳಗೂ ಒಂದು ಸ್ವಾರಸ್ಯವಿದೆ. ಏಷ್ಯ, ಆಫ್ರಿಕ, ಅಮೆರಿಕಗಳ ಕುಟ್ರುಗಳನ್ನೆಲ್ಲ ಕ್ಯಾಪಿಟೋನಿಡೇ ಎಂಬ ಒಂದೇ ಕುಟುಂಬವೆಂದು ಕೈಪಿಡಿಯ ಕಾಲದಲ್ಲಿ ಭಾವಿಸಲಾಗಿತ್ತು. ಅಮೆರಿಕದ ಕುಟ್ರುಗಳು ಏಷ್ಯದ ಕುಟ್ರುಗಳಿಗಿಂತ ಅಲ್ಲಿಯ ಟೂಕಾನ್‌ಗಳಿಗೆ ಹೆಚ್ಚು ಹತ್ತಿರವೆಂದು ತಿಳಿದ ಮೇಲೆ ಮಲ್ಲೇಶ್ವರದ ಮಾವಿನ ಮರದಲ್ಲಿ ದಿನವಿಡೀ ಕೂಗುವ ಕುಟ್ರು ಮೆಗಲೈಮಿಡೇ ಎಂಬ ಪ್ರತ್ಯೇಕ ಕುಟುಂಬಕ್ಕೆ ಸೇರಿತು. ಈ ಹೆಸರನ್ನು ಎಡ್ವರ್ಡ್ ಬ್ಲೈತ್ 1852ರಲ್ಲಿಯೇ ಕೊಟ್ಟಿದ್ದನು. ಬಳಕೆ ತಪ್ಪಿದ ಗುಂಪೊಂದು ಹೊಸ ಆಧಾರದ ಮೇಲೆ ಮರಳಿ ಬಂದುದಕ್ಕೆ ಇದು ನಿದರ್ಶನ.

ಸೀಳುಬಾಯಿಯ ಮತ್ತು ತೆಳುಕೊಕ್ಕಿನ ಹಕ್ಕಿಗಳು: ಹಳೆಯ ಕಟ್ಟಡಗಳ ಸೂರಿನಡಿ ಗೂಡು ಕಟ್ಟುವ ಬಾನಾಡಿಯನ್ನು ಲಿನೇಯಸ್ ಕವಲುತೋಕೆಗಳ ಜಾತಿಯಲ್ಲಿಯೇ ಇಟ್ಟಿದ್ದನು. ಹಾರಾಟ ಮತ್ತು ಆಕಾರಗಳಲ್ಲಿ ಎರಡೂ ಅಷ್ಟು ಸಮಾನ. ಆದರೆ ಬಾನಾಡಿಯ ನಿಜವಾದ ಬಂಧು ಅಮೆರಿಕದ ಝೇಂಕಾರದ ಹಕ್ಕಿ; ಕವಲುತೋಕೆ ಪಿಕಳಾರ, ಉಲಿಯಕ್ಕಿಗಳ ಕಡೆಯದು. ದಾಸವಾಳದ ಮುಂದೆ ರೆಕ್ಕೆ ಬಡಿಯುವ ಸೂರಕ್ಕಿ ಝೇಂಕಾರದ ಹಕ್ಕಿಯಂತೆ ಕಂಡರೂ ಗುಬ್ಬಿಯಂತೆ ಕೂರುಹಕ್ಕಿ. ನಾಡಿನ ರಾಜ್ಯಪಕ್ಷಿಯಾದ ನೀಲಕಂಠ, ಮಿಂಚುಳ್ಳಿ ಮತ್ತು ಕಳ್ಳಿಪೀರಗಳು ಒಂದು ಗಣವಾಗಿ ಉಳಿದಿವೆ. ಕೈಪಿಡಿಯಲ್ಲಿ ಅವುಗಳೊಡನೆ ಇದ್ದ ಚಂದ್ರಮುಕುಟ ಮತ್ತು ಮಂಗಟ್ಟೆಗಳು ಪ್ರತ್ಯೇಕ ಗಣವಾಗಿವೆ.

ನೀರಿನ ಹಕ್ಕಿಗಳು: ಸ್ಯಾಂಕಿ ಕೆರೆಯಂತಹ ಒಂದೇ ಕೆರೆಯ ಹಕ್ಕಿಗಳಲ್ಲಿ ಆದ ಅದಲುಬದಲು ಇನ್ನೂ ಕುತೂಹಲಕರ. ಕೈಪಿಡಿಯ ಕ್ರಮದಲ್ಲಿ ಬೆಳ್ಳಕ್ಕಿ ಕೊಕ್ಕರೆಗಳ ಗಣದ್ದು, ನೀರುಕಾಗೆ ಹೆಜ್ಜಾರ್ಲೆಗಳ ಗಣದ್ದು. ಇಂದು ಬೆಳ್ಳಕ್ಕಿಯೇ ಹೆಜ್ಜಾರ್ಲೆಗಳ ಗಣದಲ್ಲಿದೆ. ನೀರುಕಾಗೆ ಅದರಿಂದ ಹೊರಬಂದು ಬೇರೊಂದು ಗಣವಾಗಿದೆ. ಗುಳುಮುಳುಕದ ಹತ್ತಿರದ ನೆಂಟ ಬಾತುಕೋಳಿಯಲ್ಲ. ನೀಳಗಾಲಿನ ರಾಜಹಂಸವೆಂದು 2001ರಿಂದೀಚೆಗಿನ ಅಧ್ಯಯನಗಳು ಸೂಚಿಸಿವೆ. ಹೊರನೋಟಕ್ಕೆ ಯಾವ ಹೋಲಿಕೆಯೂ ಇಲ್ಲದ ಈ ಎರಡನ್ನು ಕೊಕ್ಕು ಕಾಲುಗಳ ಆಧಾರದಿಂದ ಯಾವ ವಿದ್ವಾಂಸನೂ ಜೊತೆಗೂಡಿಸುವಂತಿರಲಿಲ್ಲ.

ನೊಣಹಿಡುಕಗಳ ಮಹಾಕುಟುಂಬ: ಮರಗಿಡಗಳಿರುವ ಹಳೆಯ ಅಂಗಳವೊಂದರಲ್ಲಿ ವರ್ಷದ ಅವಧಿಯಲ್ಲಿ ಎಂಟು ಹಕ್ಕಿಗಳು ಕಂಡವೆಂದು ಭಾವಿಸೋಣ: ಹರಟೆಮಲ್ಲ, ಸಿಂಪಿಗ, ಮಡಿವಾಳ, ನೀಲಿ ನೊಣಹಿಡುಕ, ರಾಜಹಕ್ಕಿ, ನೆಲಸಿಳ್ಳಾರ, ಚಳಿಗಾಲಕ್ಕೆ ಬರುವ ಹಸಿರು ಉಲಿಯಕ್ಕಿ ಮತ್ತು ಬ್ಲೈತ್‌ನ ಜೊಂಡು ಉಲಿಯಕ್ಕಿ. ಕೈಪಿಡಿಯ ಪ್ರಕಾರ ಎಂಟೂ ಒಂದೇ ಕುಟುಂಬ. ಇಂದಿನ ಪಟ್ಟಿಯಲ್ಲಿ ಮಡಿವಾಳ ಮತ್ತು ನೀಲಿ ನೊಣಹಿಡುಕಗಳು ಮಾತ್ರ ಮಸಿಕ್ಯಾಪಿಡೇ. ಹರಟೆಮಲ್ಲ ಲಿಯೋತ್ರಿಕಿಡೇ, ಸಿಂಪಿಗ ಸಿಸ್ಟಿಕೋಲಿಡೇ, ರಾಜಹಕ್ಕಿ ಮೊನಾರ್ಕಿಡೇ, ನೆಲಸಿಳ್ಳಾರ ಟರ್ಡಿಡೇ, ಹಸಿರು ಉಲಿಯಕ್ಕಿ ಫಿಲ್ಲೋಸ್ಕೋಪಿಡೇ, ಜೊಂಡು ಉಲಿಯಕ್ಕಿ ಅಕ್ರೊಸೆಫಾಲಿಡೇ ಕುಟುಂಬಗಳಿಗೆ ಸೇರುತ್ತವೆ. ಒಂದು ಕುಟುಂಬ ಏಳಾಯಿತು. ಇವುಗಳಲ್ಲಿ ರಾಜಹಕ್ಕಿಯ ಸ್ಥಾನ ವಿಶೇಷವಾದುದು. ಅದು ನೊಣ ಹಿಡಿದರೂ ನೊಣಹಿಡುಕಗಳ ಬಂಧುವಲ್ಲ. ಕಾಜಾಣ ಮತ್ತು ಕಾಗೆಗಳ ಕವಲಿನದು. 1758ರಲ್ಲಿ ಲಿನೇಯಸ್ ಯಾವ ವಂಶಾವಳಿಯ ಆಧಾರವೂ ಇಲ್ಲದೆ ಕೊಟ್ಟ 'ಕಾರ್ವಸ್' ಎಂಬ ಹೆಸರು, ನಡುವಿನ ಎರಡು ಶತಮಾನಗಳ ವಿದ್ವಾಂಸರ ನಿರ್ಣಯಕ್ಕಿಂತ ಸತ್ಯಕ್ಕೆ ಹತ್ತಿರವಿತ್ತೆಂಬುದು ವಿಜ್ಞಾನದ ಇತಿಹಾಸದ ಒಂದು ಆಕಸ್ಮಿಕ.

7. ಕನ್ನಡದ ಹೆಸರುಗಳು ಮತ್ತು ಪರಿಭಾಷೆ

ಕನ್ನಡದ ಜನಪದರು ತಮ್ಮದೇ ಗುಂಪುಗಳನ್ನು ಮಾಡಿಕೊಂಡಿದ್ದಾರೆ. ಕಪ್ಪಗಿರುವ ನೀರುಹಕ್ಕಿ ನೀರುಕಾಗೆಯಾಗಿದೆ. ಕೆಂಬೂತವನ್ನು ಕೆಲವೆಡೆ ಸಂಬಾರಕಾಗೆ ಎನ್ನುತ್ತಾರೆ. ಇವೆರಡೂ ಕಾಗೆಗಳಲ್ಲ. ಇದು ಕನ್ನಡಕ್ಕೆ ಮಾತ್ರ ಸೀಮಿತವಾದ ರೂಢಿಯೂ ಅಲ್ಲ. ನೀರುಕಾಗೆಯ ಇಂಗ್ಲಿಷ್ ಹೆಸರಾದ ಕಾರ್ಮೊರೆಂಟ್ ಎಂಬುದರ ಮೂಲ ಲ್ಯಾಟಿನ್ನಿನ 'ಕಡಲಕಾಗೆ' ಎಂಬ ಅರ್ಥದ ಪದ, ಕೆಂಬೂತದ ಹಳೆಯ ಇಂಗ್ಲಿಷ್ ಹೆಸರು 'ಕ್ರೋ ಫೆಸೆಂಟ್'. ಜನಪದ ಹೆಸರು ಬಣ್ಣ, ಕೂಗು, ನಡೆ, ಕಸುಬುಗಳನ್ನು ಹಿಡಿಯುತ್ತದೆ. ಮಡಿವಾಳ, ಸಿಂಪಿಗ, ಹರಟೆಮಲ್ಲ, ಮರಕುಟಿಗ ಎಂಬ ಹೆಸರುಗಳಲ್ಲಿ ಹಕ್ಕಿಯ ಬದುಕೇ ಅಡಗಿದೆ. ವಂಶವೃಕ್ಷ ಬದಲಾದ ಮಾತ್ರಕ್ಕೆ ಇಂತಹ ಹೆಸರುಗಳನ್ನು ತಿದ್ದಬೇಕಾಗಿಲ್ಲ.

ತೊಡಕು ಇರುವುದು ಪುಸ್ತಕಗಳಿಗಾಗಿ ರೂಪಿಸಿದ ಹೆಸರುಗಳಲ್ಲಿ. ಇಂಗ್ಲಿಷಿನ ಗುಂಪುಗಳನ್ನು ಅನುಸರಿಸಿ ಬಂದ ಉಲಿಯಕ್ಕಿ, ನೊಣಹಿಡುಕ ಮೊದಲಾದ ಸಾಮಾನ್ಯನಾಮಗಳು ಈಗ ಒಡೆದುಹೋದ ಕುಟುಂಬಗಳ ಮೇಲೆ ನಿಂತಿವೆ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಉಲಿಯಕ್ಕಿಗಳ ಹಳೆಯ ಕುಟುಂಬವನ್ನು ಹಲವು ಕುಟುಂಬಗಳಾಗಿ ಬಿಡಿಸಿತು. 'ಉಲಿಯಕ್ಕಿ' ಎಂಬುದು ಇನ್ನು ಮುಂದೆ ಜೀವನಕ್ರಮವನ್ನು ಸೂಚಿಸುವ ಪದವೇ ಹೊರತು ವಂಶವನ್ನಲ್ಲ ಎಂದು ತಿಳಿದು ಬಳಸಿದರೆ ಅದಕ್ಕೂ ಬಾಧಕವಿಲ್ಲ. ಪಾರಿಭಾಷಿಕ ಪದಗಳಲ್ಲಿಯೂ ಎಚ್ಚರ ಅಗತ್ಯ. ಕನ್ನಡದ ವಿಜ್ಞಾನ ಪಠ್ಯಗಳಲ್ಲಿ ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಎಂಬ ಶ್ರೇಣಿ ರೂಢಿಯಲ್ಲಿದೆ. ಆದರೆ ಜನಪ್ರಿಯ ಬರಹಗಳಲ್ಲಿ ಪ್ರಭೇದ ಎನ್ನಬೇಕಾದೆಡೆ 'ಜಾತಿ' ಎಂದು ಬರೆಯುವುದು ಸಾಮಾನ್ಯ. ನೂರು ಜಾತಿಯ ಹಕ್ಕಿಗಳೆಂಬ ಉಲ್ಲೇಖ ಕಂಡಾಗ ಲೇಖಕರ ಉದ್ದೇಶ ಯಾವ ಹಂತವೆಂದು ಪರಿಶೀಲಿಸದೆ ಅಂಕಿಗಳನ್ನು ಹೋಲಿಸಲಾಗದು.

8. ಹಳೆಯ ಪಟ್ಟಿಗಳನ್ನು ಓದುವ ಬಗೆ

ಗ್ರಂಥಾಲಯದ ಕಪಾಟಿನಿಂದ ತೆಗೆದ ಪಕ್ಷಿಗ್ರಂಥವೊಂದು ಯಾವ ವರ್ಗೀಕರಣವನ್ನು ಅನುಸರಿಸಿದೆ ಎಂಬುದನ್ನು ತಿಳಿಯಲು ಸುಲಭವಾದ ಕುರುಹು ಅದರ ಮೊದಲ ಹಕ್ಕಿ. ಪುಸ್ತಕ ರಣಹದ್ದಿನಿಂದ ಆರಂಭವಾದರೆ ಅದು ಜರ್ಡನ್‌ನ ಸಂಪ್ರದಾಯದ್ದು. ಕಾಗೆಯಿಂದ ಆರಂಭವಾದರೆ ಓಟ್ಸ್ ಅಥವಾ ಸ್ಟುವರ್ಟ್ ಬೇಕರ್‌ನ ಕ್ರಮ. ಗುಳುಮುಳುಕ ಮತ್ತು ಅದರಂತೆ ಮುಳುಗುವ ಹಕ್ಕಿಗಳಿಂದ ಆರಂಭವಾಗಿ ಕಾಳುಗುಬ್ಬಿಗಳಲ್ಲಿ ಮುಗಿದರೆ ಅಲಿ ಮತ್ತು ರಿಪ್ಲಿಯವರ ಕ್ರಮ. ಕವುಜುಗಗಳು ಮೊದಲಿದ್ದರೆ ಸಾಮಾನ್ಯವಾಗಿ ಸಿಬ್ಲಿಯ ಪ್ರಭಾವ. ಬಾತುಗಳು ಮೊದಲಾಗಿ, ಕೋಳಿಯ ಬಳಗ ಅವುಗಳ ಹಿಂದೆಯೇ ಬಂದರೆ ಈಚಿನ ಪಟ್ಟಿ. ಪ್ರವೀಣ್ ಮತ್ತು ಸಹಲೇಖಕರು 2016ರಲ್ಲಿ ಪ್ರಕಟಿಸಿದ ಭಾರತದ ಹಕ್ಕಿಗಳ ಪಟ್ಟಿ ಈ ಬಗೆಯದು.

ಎರಡನೆಯದಾಗಿ, ಕುಟುಂಬಗಳ ಸಂಖ್ಯೆಯನ್ನು ಕಾಲದಿಂದ ಕಾಲಕ್ಕೆ ಹೋಲಿಸುವುದು ಅಪಾಯಕರ. ಮೇಲಿನ ಅಂಗಳದ ಉದಾಹರಣೆಯಲ್ಲಿ ಒಂದು ಹಕ್ಕಿಯೂ ಹೊಸದಾಗಿ ಬಾರದೆ ಒಂದು ಕುಟುಂಬ ಏಳಾಯಿತು. ಎಂಟರಲ್ಲಿ ಮೂರು ಹಕ್ಕಿಗಳು ಮರೆಯಾಗಿ ಐದು ಮಾತ್ರ ಉಳಿದಿದ್ದರೂ ಕುಟುಂಬಗಳ ಸಂಖ್ಯೆ ಒಂದರಿಂದ ನಾಲ್ಕೋ ಐದೋ ಆಗಿ, ನಷ್ಟವೇ ಸಮೃದ್ಧಿಯಂತೆ ತೋರಬಹುದು. ಮರಗಳು ಕಡಿಮೆಯಾಗುತ್ತಿರುವ ನಗರದಲ್ಲಿ ಇಂತಹ ತಪ್ಪು ಎಣಿಕೆ ಆಡಳಿತದ ತೀರ್ಮಾನಗಳನ್ನೂ ದಾರಿ ತಪ್ಪಿಸೀತು. ಹೋಲಿಕೆಯನ್ನು ಪ್ರಭೇದದ ಹಂತದಲ್ಲಿ, ಹಳೆಯ ಹೆಸರುಗಳನ್ನೆಲ್ಲ ಇಂದಿನ ಒಂದೇ ಪಟ್ಟಿಗೆ ಹೊಂದಿಸಿಕೊಂಡ ಬಳಿಕ ಮಾಡುವುದು ಕ್ರಮ. ಜಾತಿಯ ಹೆಸರು ಬದಲಾದುದನ್ನೂ ಗಮನಿಸಬೇಕು. ಹಳೆಯ ಪಟ್ಟಿಯ ಟರ್ಡಾಯ್ಡಿಸ್ ಸ್ಟ್ರೈಯೇಟ ಮತ್ತು ಈಗಿನ ಆರ್ಗ್ಯ ಸ್ಟ್ರೈಯೇಟ ಎರಡೂ ಅದೇ ಹರಟೆಮಲ್ಲ. ಮೆಗಲೈಮ ವಿರಿಡಿಸ್ ಮತ್ತು ಸಿಲೋಪೋಗನ್ ವಿರಿಡಿಸ್ ಎರಡೂ ಅದೇ ಕುಟ್ರು. ಎರಡನೆಯ ಪದ ಬಹುಮಟ್ಟಿಗೆ ಉಳಿದುಕೊಳ್ಳುವುದರಿಂದ ಅದನ್ನು ಹಿಡಿದು ಹುಡುಕುವುದು ಅನುಕೂಲ.

ಮೂರನೆಯದಾಗಿ, ಗುಂಪಿನ ಹೆಸರನ್ನು ನಂಬಿ ಹಕ್ಕಿಯ ಗುಣವನ್ನು ಊಹಿಸುವುದು ಪ್ರಾಣಾಂತಿಕವೂ ಆಗಬಹುದು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕದಿಂದ ಭಾರತದ ರಣಹದ್ದುಗಳು 1990ರ ದಶಕದಿಂದ ಸಾಮೂಹಿಕವಾಗಿ ಸತ್ತವು. 2006ರಲ್ಲಿ ಪಶುವೈದ್ಯದಲ್ಲಿ ಅದರ ಬಳಕೆಯನ್ನು ನಿಷೇಧಿಸಲಾಯಿತು. ಬೆಂಗಳೂರಿಗೆ ಹತ್ತಿರದ ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದ್ದಕ್ಕೆ ಈ ದುರಂತವೇ ಹಿನ್ನೆಲೆ. ಅಮೆರಿಕದ ಟರ್ಕಿ ರಣಹದ್ದಿನ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಮ್ಮ ಜಿಪ್ಸ್ ಜಾತಿಯ ರಣಹದ್ದುಗಳನ್ನು ಕೊಲ್ಲುವುದಕ್ಕಿಂತ ಬಹುಪಟ್ಟು ಹೆಚ್ಚಿನ ಪ್ರಮಾಣದ ಔಷಧಿಯೂ ಅದಕ್ಕೆ ವಿಷವಾಗಲಿಲ್ಲ. ಎರಡೂ ರಣಹದ್ದುಗಳೆಂದೇ ಕರೆಸಿಕೊಳ್ಳುತ್ತವೆ, ಎರಡರ ತಲೆಯೂ ಬೋಳು, ಎರಡೂ ಹೆಣ ತಿನ್ನುತ್ತವೆ. ಆದರೆ ಅವು ಬೇರೆ ಬೇರೆ ಕುಟುಂಬಗಳು. 'ರಣಹದ್ದು' ಎಂಬ ಗುಂಪು ಕಸುಬಿನ ಗುಂಪು. ಔಷಧಿಯೊಂದು ಒಂದು ರಣಹದ್ದಿಗೆ ಅಪಾಯಕರವಲ್ಲವೆಂಬ ಮಾಹಿತಿಯಿಂದ ಇನ್ನೊಂದಕ್ಕೂ ಅಪಾಯವಿಲ್ಲವೆಂದು ತೀರ್ಮಾನಿಸುವಂತಿಲ್ಲ.

9. ಉಪಸಂಹಾರ

ಬಳಕೆ ತಪ್ಪಿದ ಗುಂಪುಗಳು ಎರಡು ಬಗೆಯಲ್ಲಿ ಉಪಯುಕ್ತವಾಗಿವೆ. ವಂಶದ ವಿಚಾರದಲ್ಲಿ ಅವು ಸೋತಿರಬಹುದು. ಬದುಕಿನ ವಿಚಾರದಲ್ಲಿ ಅವು ಹೇಳುವುದು ಇಂದಿಗೂ ನಿಜ. ಹಾರುತ್ತ ಕೀಟ ಹಿಡಿಯುವ ಹಕ್ಕಿಗಳು, ಮಕರಂದ ಹೀರುವ ಹಕ್ಕಿಗಳು, ಪೊಟರೆಯಲ್ಲಿ ಗೂಡು ಮಾಡುವ ಹಕ್ಕಿಗಳು ಎಂಬ ವಿಂಗಡಣೆ ಪರಿಸರ ಅಧ್ಯಯನಕ್ಕೆ ಬೇಕಾದುದೇ. ಹಳೆಯ ಮರವೊಂದು ಉರುಳಿದಾಗ ಗಿಳಿ, ಕುಟ್ರು, ಹಾಲಕ್ಕಿ, ಮಡಿವಾಳಗಳು ಒಟ್ಟಿಗೆ ನೆಲೆ ತಪ್ಪುತ್ತವೆ. ಅವುಗಳ ಕುಟುಂಬಗಳು ಬೇರೆ ಬೇರೆ ಎಂಬುದು ಆ ಸಂದರ್ಭದಲ್ಲಿ ಮುಖ್ಯವಲ್ಲ. ಎರಡನೆಯದಾಗಿ, ಗತಕಾಲದ ದಾಖಲೆಗಳನ್ನು ತೆರೆಯುವ ಬೀಗದ ಕೈ ಈ ಗುಂಪುಗಳೇ.

ಆದುದರಿಂದ ಕನ್ನಡದಲ್ಲಿ ಹಕ್ಕಿಗಳ ಕುರಿತು ಬರೆಯುವವರು, ಪಟ್ಟಿ ಮಾಡುವವರು ತಾವು ಅನುಸರಿಸಿದ ವರ್ಗೀಕರಣ ಯಾವುದು, ಯಾವ ವರ್ಷದ್ದು ಎಂಬುದನ್ನು ಮೊದಲ ಪುಟದಲ್ಲಿಯೇ ನಮೂದಿಸುವುದು ಒಳಿತು. ಗ್ರಂಥಾಲಯಗಳು ಹೊಸ ಕ್ಷೇತ್ರದರ್ಶಿ ಬಂದಿತೆಂಬ ಕಾರಣಕ್ಕೆ ಹಳೆಯ ಪಟ್ಟಿಗಳನ್ನು ಕಪಾಟಿನಿಂದ ತೆಗೆಯದೆ ಅವುಗಳ ಪಕ್ಕದಲ್ಲಿಯೇ ಇರಿಸಿಕೊಳ್ಳಬೇಕು. ಇಂದಿನ 46 ಗಣಗಳಲ್ಲಿಯೂ ಕೆಲವು ಮುಂದೆ ಬದಲಾಗಬಹುದು. ಆಗಲೂ ಮಡಿವಾಳ ಬಸವನಗುಡಿಯ ತಂತಿಯ ಮೇಲೆ ಹಾಡುತ್ತಿತ್ತೇ ಇಲ್ಲವೇ ಎಂಬ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ, ಯಾವ ಹೆಸರಿನಿಂದ, ಯಾವ ಗುಂಪಿನಲ್ಲಿ, ಯಾವ ವರ್ಷ ಅದನ್ನು ಕಂಡರೆಂಬ ದಾಖಲೆ ಉಳಿದಿರಬೇಕು.